ದೋಣಿ ಬೊಡ್ಡೆಗೆ ತಾಗಿರಲಿಲ್ಲ

ಕುಶಾಲಪ್ಪಣ್ಣ, ಅಂದು ದೋಣಿ ಬೊಡ್ಡೆಗೆ ತಾಗಿರಲಿಲ್ಲ. ಅದು ತೂತಾದದ್ದು ನಾನು ಮಾಡಿದ ವೈರಿಂಗಿನಿಂದ. ನನಗದು ಅಂದೇ ಗೊತ್ತಿತ್ತು. ಗೊತ್ತಿದ್ದೂ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದೆ. ಒಂಬತ್ತು ವರ್ಷವಾಯಿತು.

ನಾನು ಕೆಲಸ ಕಲಿತದ್ದು ಸುಂಟಿಕೊಪ್ಪದ ಗ್ಯಾರೇಜಿನಲ್ಲಿ, ಎಸ್ಟೇಟುಗಳ ಓಬೀರಾಯನ ಕಾಲದ ಜೀಪುಗಳ ಮೇಲೆ. ಅವುಗಳಲ್ಲಿ ಬ್ಯಾಟರಿಯ ಪ್ಲಸ್ ತಂತಿಯನ್ನು ಜೀಪಿನ ಬಾಡಿಯ ತಗಡಿಗೇ ಬಿಗಿಯುತ್ತಿದ್ದೆವು. ಸಾಹುಕಾರರು ಎಸ್ಟೇಟಿನ ಕೆರೆಗೆ ಹೋಮ್‌ಸ್ಟೇ ಅತಿಥಿಗಳಿಗೆಂದು ಅಲ್ಯೂಮಿನಿಯಂ ದೋಣಿ ತರಿಸಿದಾಗ, ನೀರು ಹೊರಹಾಕುವ ಪಂಪಿಗೂ ದೀಪಕ್ಕೂ ಹಾಗೆಯೇ ವೈರಿಂಗ್ ಮಾಡಿದೆ. ದೀಪ ಉರಿಯಿತು, ಪಂಪು ಓಡಿತು. ನನಗೆ ಅಷ್ಟೇ ಸಾಕಿತ್ತು. ನೀರಿನ ಮೇಲಿರುವ ದೋಣಿಗೆ ಜೀಪಿನ ವೈರಿಂಗ್ ಸರಿಯೇ ಎಂದು ಯಾರನ್ನಾದರೂ ಕೇಳಬಹುದಿತ್ತು — ಕೇಳಿದರೆ ನನ್ನ ಜಂಬಕ್ಕೆ ಕುಂದಲ್ಲವೇ.

ದೋಣಿ ಬಂದ ಎರಡನೇ ವರ್ಷ, ಅದನ್ನು ನಡೆಸುತ್ತಿದ್ದ ನೀವು ನಾಲ್ವರು ಅತಿಥಿಗಳನ್ನು ಕೂರಿಸಿಕೊಂಡು ಹೊರಟಿದ್ದಾಗ ದೋಣಿಗೆ ನೀರು ನುಗ್ಗಿತು. ಹೇಗೋ ದಡ ಸೇರಿಸಿದಿರಿ. ಯಾರಿಗೂ ಏನೂ ಆಗಲಿಲ್ಲ. ಕೆರೆಯಲ್ಲಿ ಮುಳುಗಿದ್ದ ಮರದ ಬೊಡ್ಡೆಗಳಿದ್ದವು. ನೀವು ನೋಡದೆ ಒಂದಕ್ಕೆ ಹೊಡೆಸಿದಿರಿ ಎಂದು ಸಾಹುಕಾರರಿಗೆ ಅನುಮಾನ. ಅದಕ್ಕೇ ನನ್ನನ್ನು ಕರೆಸಿದರು.

ದೋಣಿಯ ತಳದಲ್ಲಿ ಇನ್ನೂ ಗೇಣು ನೀರಿತ್ತು. ಕರೆಂಟು ಅಳೆಯುವ ಮೀಟರಿನ ಒಂದು ತುದಿ ದೋಣಿಯ ತಗಡಿಗೆ, ಇನ್ನೊಂದು ಆ ನೀರಿಗೆ ಹಿಡಿದೆ. ಮುಳ್ಳು ಎದ್ದಿತು. ಪಂಪಿನ ಮೈನಸ್ ತಂತಿ ಬಿಚ್ಚಿದೆ — ಬಿದ್ದಿತು. ಮತ್ತೆ ಸೇರಿಸಿದೆ, ಎದ್ದಿತು. ಆ ತಂತಿಯ ಸಿಪ್ಪೆ ಸುಲಿದು ತಾಮ್ರ ನೀರಿನಲ್ಲಿ ಮುಳುಗಿತ್ತು. ನಾನು ಪ್ಲಸ್ ಕಟ್ಟಿದ್ದ ತಗಡಿನಿಂದ ನೀರಿನ ಮೂಲಕ ಆ ತಾಮ್ರಕ್ಕೆ ಕರೆಂಟು ಸೋರುತ್ತಾ, ಹೋಗುವಾಗ ತಗಡನ್ನೂ ಚೂರುಚೂರೇ ತಿಂದಿತ್ತು.

ನೀವು ಬಗ್ಗಿ, ಒಳಗಿನಿಂದ ಸವೆದಿದ್ದ ತೂತಿನ ಅಂಚನ್ನು ಬೆರಳಿನಿಂದ ಸವರಿದಿರಿ.

"ಒಳಗಿಂದ ತಿಂದ ಹಾಂಗೆ ಉಟ್ಟಲ್ಲ ಮೋಹನ. ನೀನೇ ನೋಡ್."

ಸಾಹುಕಾರರು ದಡದಿಂದಲೇ ಕೇಳಿದರು, "ಏನು, ವೈರಿಂಗಲ್ಲಿ ತೊಂದರೆ ಇದೆಯಾ?"

"ಇಲ್ಲ ಸಾರ್. ಬೊಡ್ಡೆಗೆ ತಾಗಿದೆ."

ಅಷ್ಟೇ. ನೀವು ನನ್ನನ್ನೇ ನೋಡಿದಿರಿ. ನಾನು ಮೀಟರಿನ ವೈರು ಸುತ್ತುತ್ತಾ ಕೂತೆ. ನಿಮಗೆ ಅರ್ಥವಾಗಿತ್ತೋ ಏನೋ — ಇಂದಿಗೂ ನನಗೆ ತಿಳಿಯದು.

ನಿಮ್ಮ ಕೆಲಸ ಹೋಯಿತು. ಹೊಸ ತಗಡು ಹೊಡೆಸಿದ ಮೇಲೆ ವೈರಿಂಗನ್ನು ಯಾರಿಗೂ ಹೇಳದೆ ಬದಲಾಯಿಸಿದೆ. ದೋಣಿ ಈಗಲೂ ಓಡುತ್ತಿದೆ. ಆದರೆ ಸುಂಟಿಕೊಪ್ಪದ ಹೋಟೆಲಿನಲ್ಲಿ ನಿಮಗೆ 'ಬೊಡ್ಡೆ ಕುಶಾಲಪ್ಪ' ಎಂದು ಹೆಸರು ಬಿತ್ತು. ನೀವು ಒಳಗೆ ಬಂದರೆ ಯಾರಾದರೊಬ್ಬರು "ಬೊಡ್ಡೆ ಉಟ್ಟು, ನೋಡಿ ಬನ್ನಿ" ಎಂದು, ಕಾಲಡಿಯಲ್ಲೇ ಬೊಡ್ಡೆ ಇದೆಯೆಂಬಂತೆ ಎಚ್ಚರಿಸುತ್ತಿದ್ದರು. ನಾನೂ ನಕ್ಕಿದ್ದೇನೆ ಅಣ್ಣ. ಒಮ್ಮೆ ನಿಮ್ಮೆದುರಿಗೇ. ಆಮೇಲೆ ನೀವು ಅಲ್ಲಿಗೆ ಬರುವುದನ್ನು ಬಿಟ್ಟಿರಿ. ವರ್ಷ ತುಂಬುವುದರೊಳಗೆ ಊರನ್ನೂ ಬಿಟ್ಟು ಕರಿಕೆಗೆ ಹೋದಿರಿ. ತಗಡಿನ ತೂತಿಗಿಂತ ಆ ನಗು ನನ್ನನ್ನು ಹೆಚ್ಚು ಸುಡುತ್ತದೆ.

ಮೊನ್ನೆ ಸಾಹುಕಾರರಿಗೆ ಎಲ್ಲವನ್ನೂ ಹೇಳಿದೆ. ನಿನ್ನೆ ಅದೇ ಹೋಟೆಲಿನಲ್ಲಿ ನಿಂತು ಹೇಳಿದೆ. ಯಾರೂ ನಗಲಿಲ್ಲ. ಒಬ್ಬರು ಮಾತ್ರ, "ಅವಂಗೆ ಹೇಳ್ದೆಯಾ?" ಎಂದು ಕೇಳಿದರು.

ನಾಳೆ ಕರಿಕೆಯ ಬಸ್ಸು ಹತ್ತುತ್ತೇನೆ. ನೀವು ಬಾಗಿಲು ತೆಗೆಯದಿದ್ದರೆ ಅಂಗಳದಲ್ಲೇ ನಿಂತು, ಅಕ್ಕಪಕ್ಕದವರಿಗೂ ಕೇಳುವ ಹಾಗೆ ಹೇಳಿ ಬರುತ್ತೇನೆ.