ಪ್ರಮಾಣಪ್ಪ ಮಾಡಿದ ಪ್ರಮಾಣ

ಪ್ರಮಾಣಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕೋರ್ಟಿನ ಟೈಪಿಸ್ಟ್ ಇಟ್ಟದ್ದು. ಇಪ್ಪತ್ತೆಂಟು ವರ್ಷ ಒಂದನೆಯ ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತು ಸಾಕ್ಷಿಗಳ ಹೆಸರನ್ನು ಮೂರು ಸಲ ಕೂಗುವುದು, ಬಂದವರನ್ನು ಕಟಕಟೆ ಹತ್ತಿಸುವುದು, ಅವರ ಬಾಯಲ್ಲಿ ಪ್ರಮಾಣವಚನ ಹೇಳಿಸುವುದು, ಇದೇ ಅವನ ಕೆಲಸ. ಹಾಗಾಗಿ ಹೆಸರು ಅಂಟಿಕೊಂಡಿತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು.

ಆಳು ಕುಳ್ಳ, ಕಂಠ ಮಾತ್ರ ಕಂಚು. ಅವನು ಕೂಗಿದರೆ ಬೀದಿಯಾಚೆ ಚಹಾ ಕುಡಿಯುತ್ತಿದ್ದ ಸಾಕ್ಷಿ ಲೋಟವನ್ನು ಅಲ್ಲೇ ಇಟ್ಟು ಓಡಿಬರುತ್ತಿದ್ದ. ದಿನಕ್ಕೆ ಹತ್ತು ಹದಿನೈದು ಸಲ ಜನರ ಬಾಯಲ್ಲಿ ದೇವರ ಹೆಸರು ಹೇಳಿಸುವ ಈ ಮನುಷ್ಯನಿಗೆ ದೇವರಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ ಎಂಬುದು ಇಡೀ ಕೋರ್ಟಿಗೆ ಗೊತ್ತಿದ್ದ ತಮಾಷೆ.

"ಭಕ್ತರೂ ನಿನ್ನಷ್ಟು ಸಲ ದೇವರ ಹೆಸರು ಹೇಳಲ್ಲ ಕಣಯ್ಯಾ" ಎಂದು ಕ್ಯಾಂಟೀನಿನ ಯಜಮಾನ ಕೆಣಕುತ್ತಿದ್ದ.

"ಅಂಚೆಯವನು ಊರಿನವರ ಕಾಗದವನ್ನೆಲ್ಲ ಹಂಚ್ತಾನೆ. ಅದೆಲ್ಲ ಅವನಿಗೇ ಬಂದದ್ದಾ?" ಎಂದು ಪ್ರಮಾಣಪ್ಪ ಕೇಳುತ್ತಿದ್ದ.

ಅವನ ಅಭಿಪ್ರಾಯಗಳು ಬಹಳ ದೊಡ್ಡವೇನಲ್ಲ. ದಿನನಿತ್ಯದವು, ಚಹಾದ ಜೊತೆ ಬರುವಂಥವು. ಕಚೇರಿಯ ಸಮಾರಂಭ ಪ್ರಾರ್ಥನೆಯಿಂದ ಶುರುವಾದರೆ ಆ ಹೊತ್ತಿಗೆ ಸರಿಯಾಗಿ ಅವನಿಗೆ ಹಿಂದಿನ ಸಾಲಿನ ಕುರ್ಚಿ ಜೋಡಿಸುವ ಕೆಲಸ ನೆನಪಾಗುತ್ತಿತ್ತು. ಮಂತ್ರಿಯೊಬ್ಬರು ಬಂದು, ಕೋರ್ಟಿನ ಮುಂದಿನ ರಸ್ತೆ ದೇವರ ಕೃಪೆಯಿಂದಾಯಿತು ಎಂದು ಭಾಷಣ ಮಾಡಿದಾಗ, "ಗುಂಡಿ ಯಾರ ಕೃಪೆ?" ಎಂದು ಪಕ್ಕದವನ ಕಿವಿಯಲ್ಲಿ ಕೇಳಿ ಅವನನ್ನು ನಗಿಸಿ ಬೈಸಿದ್ದ. ಎರಡನೆಯ ಹಾಲಿನ ನ್ಯಾಯಾಧೀಶರು ಮೇಜಿನ ಮೇಲೆ ಒಂದು ಸಣ್ಣ ದೇವರ ಪಟ ಇಟ್ಟುಕೊಂಡು, ಕೂರುವ ಮೊದಲು ಅದಕ್ಕೆ ಕೈಮುಗಿಯುತ್ತಿದ್ದರು. ಅದು ಪ್ರಮಾಣಪ್ಪನಿಗೆ ಸರಿಬರುತ್ತಿರಲಿಲ್ಲ. "ಭಕ್ತಿ ಅವರದು, ಇರಲಿ. ಮೇಜು ಸರ್ಕಾರದ್ದಲ್ವಾ? ಎದುರುಗಡೆ ನಿಂತವನು ಬೇರೆ ದೇವರವನಾದರೆ ಅವನಿಗೆ ಹೇಗನ್ನಿಸಬೇಕು?" ಎನ್ನುತ್ತಿದ್ದ. "ನನಗೇನು ದೇವರ ಮೇಲೆ ಹಗೆಯೇ? ಮನೆಯಲ್ಲಿರಲಿ, ಚೆನ್ನಾಗಿರಲಿ. ಸರ್ಕಾರಿ ಹಾಜರಿ ಪುಸ್ತಕದಲ್ಲಿ ಮಾತ್ರ ಸಹಿ ಹಾಕೋದು ಬೇಡ."

ಹಗೆ ಇಲ್ಲ ಎಂಬುದು ನಿಜವೇ. ಅವನ ಅಕ್ಕ ದೊಡ್ಡ ದೈವಭಕ್ತೆ. ರಜೆಯ ದಿನ ಅವಳು ಪ್ರಾರ್ಥನೆಗೆ ಹೊರಟರೆ ಇವನೂ ಜೊತೆಗೆ ಹೋಗಿ, ಅವಳ ಚೀಲವನ್ನೂ ಕೊಡೆಯನ್ನೂ ಹಿಡಿದುಕೊಂಡು ಹೊರಗಿನ ಕಲ್ಲುಬೆಂಚಿನ ಮೇಲೆ ಪತ್ರಿಕೆ ಓದುತ್ತಾ ಕೂರುತ್ತಿದ್ದ. "ನೀನು ಒಳಗೆ ಬಾ ಅಂತ ನಾನು ಕರೆಯಲ್ಲ, ಹೋಗಬೇಡ ಅಂತ ನೀನು ತಡೆಯಲ್ಲ. ನಮ್ಮಿಬ್ಬರದು ಸರಿಹೋಯ್ತು ಬಿಡು" ಎಂದು ಅಕ್ಕ ನಗುತ್ತಿದ್ದಳು.

ಪ್ರಮಾಣವಚನದಲ್ಲಿ ಎರಡು ಬಗೆ. ದೇವರ ಹೆಸರಿನಲ್ಲಿ ಹೇಳಬಹುದು, ಇಲ್ಲವೇ ಆತ್ಮಸಾಕ್ಷಿಯಾಗಿ ಎಂದು ಹೇಳಬಹುದು. ಕಾನೂನಿಗೆ ಎರಡೂ ಸಮ. ಆದರೆ ಬೇರೆ ಅಟೆಂಡರುಗಳು ಕೇಳುವ ಗೋಜಿಗೇ ಹೋಗದೆ ಎಲ್ಲರಿಂದಲೂ ಮೊದಲನೆಯದನ್ನೇ ಹೇಳಿಸಿ ಮುಗಿಸುತ್ತಿದ್ದರು. ಪ್ರಮಾಣಪ್ಪ ಮಾತ್ರ ಪ್ರತಿಯೊಬ್ಬರನ್ನೂ ಕೇಳುತ್ತಿದ್ದ. ಎರಡನೆಯ ಹಾಲಿಗೆ ಹೊಸದಾಗಿ ಒಬ್ಬ ಹೆಂಗಸು ಅಟೆಂಡರ್ ಆಗಿ ಬಂದಾಗ ಅವಳಿಗೂ ಇದನ್ನೇ ಕಲಿಸಿದ. "ಕೇಳದೆ ಹೇಳಿಸಬೇಡ ಕಣಮ್ಮ. ಆಯ್ಕೆ ಅವರದು. ಇದೊಂದನ್ನು ಮರೆತರೆ ನಾವು ಬರೀ ಮೈಕು." ಇಬ್ಬರು ಮಕ್ಕಳ ತಾಯಿ ಅವಳು, ಬುದ್ಧಿವಂತೆ. ಅವನನ್ನು ಅಣ್ಣ ಎನ್ನುತ್ತಿದ್ದಳು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಕೇಳುವಾಗ ಅವನು ಎರಡನ್ನೂ ಒಂದೇ ದನಿಯಲ್ಲಿ ಕೇಳುತ್ತಿರಲಿಲ್ಲ. ಮೊದಲನೆಯದು ಸಂತೆಯಲ್ಲಿ ಬೆಲೆ ಹೇಳಿದ ಹಾಗೆ ಸರ್ರನೆ ಬರುತ್ತಿತ್ತು. ಎರಡನೆಯದನ್ನು ನಿಧಾನವಾಗಿ, ತುಂಬಿದ ಕಂಠದಲ್ಲಿ ಹೇಳುತ್ತಿದ್ದ. ಯಾರಾದರೂ ಅದನ್ನು ಆರಿಸಿಕೊಂಡರೆ ಆ ದಿನವೆಲ್ಲ ಅವನ ಮುಖ ಅರಳಿರುತ್ತಿತ್ತು.

ಎರಡು ವರ್ಷದ ಹಿಂದೆ ದೊಡ್ಡಾಸ್ಪತ್ರೆಯ ನರ್ಸ್ ಒಬ್ಬಳು ಸಾಕ್ಷಿಗೆ ಬಂದಳು. ಕಾರ್ಖಾನೆಯ ಯಂತ್ರಕ್ಕೆ ಕೈ ಸಿಕ್ಕಿ ಬಲಗೈ ಕಳೆದುಕೊಂಡ ಕೂಲಿಯವನ ಕೇಸು. ಅವನು ಕುಡಿದು ಯಂತ್ರದ ಮುಂದೆ ನಿಂತಿದ್ದ ಎಂದು ಕಾರ್ಖಾನೆಯವರ ವಾದ. ಕುಡಿದಿರಲಿಲ್ಲ, ಕರೆತಂದಾಗ ಮೊದಲು ನೋಡಿದವಳು ನಾನೇ ಎಂದು ಹೇಳಲು ಆಕೆ ಬಂದಿದ್ದಳು. ಪ್ರಮಾಣಪ್ಪ ಎಂದಿನಂತೆ ಕೇಳಿದ.

"ಯಾವುದಾದರೂ ಆಗುತ್ತಾ?" ಎಂದಳು ನರ್ಸ್, ಕೈಗಡಿಯಾರ ನೋಡುತ್ತಾ.

"ಆಗುತ್ತಮ್ಮ. ಓದಿದವರು ಸಾಮಾನ್ಯವಾಗಿ ಎರಡನೆಯದನ್ನೇ ಹೇಳ್ತಾರೆ."

ಅವನು ಹೇಳಬಾರದಿದ್ದ ಮಾತು ಅದು. ನರ್ಸ್ ಎರಡನೆಯದನ್ನೇ ಹೇಳಿದಳು. ಕಾರ್ಖಾನೆಯ ಕಡೆಯ ವಕೀಲ ಎದ್ದವನೇ ಅದನ್ನೇ ಹಿಡಿದ. ದೇವರ ಹೆಸರು ಹೇಳಲು ಏನು ಅಡ್ಡಿ, ದೇವರ ಭಯವಿಲ್ಲದವರಿಗೆ ಸುಳ್ಳು ಹೇಳಲು ಯಾರ ಭಯ ಎಂದು ಅವಳನ್ನು ಹತ್ತು ನಿಮಿಷ ಗೋಳು ಹೊಯ್ದುಕೊಂಡ. ನ್ಯಾಯಾಧೀಶರು ಸಾಕು ಎಂದರು, ಆದರೆ ಗಟ್ಟಿಯಾಗಿ ಎನ್ನಲಿಲ್ಲ. ವಾರಕ್ಕೆ ಎರಡು ದಿನ ಉಪವಾಸವಿರುವ ಆ ಹೆಂಗಸಿಗೆ ಕಣ್ಣು ತುಂಬಿ ಬಂತು. ಆಮೇಲೆ ಕೇಳಿದ ಗಂಟೆ, ದಿನಾಂಕಗಳೆಲ್ಲ ತಪ್ಪಿಹೋದವು. ಸಾಕ್ಷ್ಯ ನಿಲ್ಲಲಿಲ್ಲ. ಮೂರು ತಿಂಗಳ ಮೇಲೆ ಕೂಲಿಯವನು ಕೇಸು ಸೋತ.

ಆ ದಿನ ಪ್ರಮಾಣಪ್ಪನಿಗೆ ಕಂಡದ್ದು ಇದಾವುದೂ ಅಲ್ಲ. "ಹೆಣ್ಣುಮಗಳು ಬಗ್ಗಲಿಲ್ಲ ನೋಡು" ಎಂದು ಕ್ಯಾಂಟೀನಿನಲ್ಲಿ ಎರಡು ದಿನ ಹೇಳಿಕೊಂಡು ತಿರುಗಿದ.

ಹೀಗಿರುವಾಗ ಭಾವ ತೀರಿಕೊಂಡರು. ಅವರು ಬದುಕಿದ್ದಾಗಲೇ, ತಾವಿದ್ದ ಎರಡು ಕೋಣೆಯ ಮನೆಯನ್ನು ಅಕ್ಕನಿಗೆ ಉಯಿಲು ಬರೆದಿದ್ದರು. ಭಾವನ ತಮ್ಮ ಅದು ಸುಳ್ಳು ಉಯಿಲು ಎಂದು ದಾವೆ ಹಾಕಿದ. ಉಯಿಲಿಗೆ ಸಾಕ್ಷಿಯಾಗಿ ಸಹಿ ಹಾಕಿದವರು ಇಬ್ಬರು. ಒಬ್ಬರು ಆಗಲೇ ತೀರಿಹೋಗಿದ್ದರು. ಉಳಿದವನು ಪ್ರಮಾಣಪ್ಪ. ಕೇಸು ಬಂದದ್ದು ಎರಡನೆಯ ಹಾಲಿಗೆ, ಮೇಜಿನ ಮೇಲೆ ಪಟವಿರುವ ನ್ಯಾಯಾಧೀಶರ ಮುಂದೆ.

ಅಕ್ಕನ ವಕೀಲರು ಅವನನ್ನು ವರಾಂಡದ ಕಂಬದ ಮರೆಗೆ ಕರೆದರು. "ನೋಡಪ್ಪಾ, ನಿನ್ನ ವಿಚಾರ ನನಗೆ ಗೊತ್ತು, ಗೌರವವೂ ಇದೆ. ಆದರೆ ನಾಳೆ ದೇವರ ಹೆಸರಿನಲ್ಲಿ ಪ್ರಮಾಣ ಮಾಡು. ಆ ನರ್ಸಿಗೆ ಏನಾಯ್ತು ನೋಡಿದೆಯಲ್ಲ. ಆ ವಕೀಲನೇ ಈಗ ನಿಮ್ಮ ಎದುರು ಪಕ್ಷ. ನೀನು ಸ್ವಂತ ತಮ್ಮ ಬೇರೆ, ಮೊದಲೇ ನಂಬೋದು ಕಷ್ಟ."

"ಕಾನೂನಿಗೆ ಎರಡೂ ಒಂದೇ ಅಲ್ವಾ ಸಾರ್?"

"ಕಾನೂನಿಗೆ ಒಂದೇ. ನಿಮ್ಮಕ್ಕ ಇರೋದು ಕಾನೂನಿನೊಳಗಲ್ಲ, ಆ ಎರಡು ಕೋಣೆಯೊಳಗೆ."

ಸಂಜೆ ಅಕ್ಕನ ಮನೆಗೆ ಹೋದ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನದರಲ್ಲಿ ಅಡಿಗೆ, ಹಾಸಿಗೆ ಎಲ್ಲ. ಶಾಲೆಯ ಸಮವಸ್ತ್ರಗಳ ರಾಶಿಯ ನಡುವೆ ಅವಳು ಕಾಜಾ ಹಾಕುತ್ತಾ ಕೂತಿದ್ದಳು. ಅರವತ್ತು ದಾಟಿತ್ತು, ಸೂಜಿಗೆ ದಾರ ಪೋಣಿಸಲು ಅವನ ಕೈಗೆ ಕೊಟ್ಟಳು.

"ವಕೀಲರು ನಿನಗೆ ಏನೋ ಹೇಳಿದರಂತೆ. ನಾನು ಹೇಳಿಸಿದ್ದಲ್ಲ ಕಣೋ."

"ಗೊತ್ತು. ನೀನೇನಂತೀಯ?"

"ನಾನೇನೂ ಅನ್ನಲ್ಲ. ಅಂದರೆ ನಾಳೆ ನೀನು ಮಾಡಿದ್ದು ನಾನು ಮಾಡಿಸಿದ ಹಾಗಾಗುತ್ತೆ." ದಾರದ ತುದಿಯನ್ನು ಹಲ್ಲಿನಲ್ಲಿ ಕಡಿದಳು. "ಊಟ ಮಾಡ್ಕೊಂಡು ಹೋಗು."

ಮರುದಿನ ಅವನ ಹೆಸರನ್ನು ಬೇರೆಯವರು ಕೂಗಿದರು. ದಿನಾ ಕಟಕಟೆಯ ಪಕ್ಕದಲ್ಲಿ ನಿಲ್ಲುವವನಿಗೆ ಅದರೊಳಗೆ ನಿಂತಾಗ ಕೋರ್ಟೇ ಬೇರೆಯಾಗಿ ಕಂಡಿತು. ಮುಂದಿನ ಬೆಂಚಿನಲ್ಲಿ ಅಕ್ಕ, ಅವಳ ಮಡಿಲಲ್ಲಿ ಚೀಲ. ಅಟೆಂಡರ್ ಹೆಂಗಸು ಹತ್ತಿರ ಬಂದಳು. ಅಣ್ಣನನ್ನು ಏನು ಕೇಳುವುದು ಎಂದುಕೊಂಡಳೋ ಏನೋ, ಹೆಮ್ಮೆಯಿಂದ ಬೆನ್ನು ನೆಟ್ಟಗೆ ಮಾಡಿ, ಅವನೇ ಕಲಿಸಿದ ತುಂಬುಕಂಠದಲ್ಲಿ ಶುರುಮಾಡಿದಳು:

"ಹೇಳಿ. ಆತ್ಮಸಾಕ್ಷಿಯಾಗಿ…"

ಅವನು ಅಕ್ಕನ ಮಡಿಲಿನ ಚೀಲದ ಕಡೆ ನೋಡಿದ. ಎದುರು ವಕೀಲ ಪೆನ್ನು ಕೆಳಗಿಟ್ಟು ತಲೆಯೆತ್ತಿದ. ನ್ಯಾಯಾಧೀಶರೂ ಕಾಗದದಿಂದ ಕಣ್ಣೆತ್ತಿದರು.

"ಹೇಳಿ ಅಣ್ಣ" ಎಂದಳು ಮೆಲ್ಲಗೆ.

"ದೇವರ ಹೆಸರಿನಲ್ಲಿ ಹೇಳಿಸಮ್ಮ."

ಆಕೆಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು. ಬೀದಿಯಾಚೆಗೆ ಕೇಳುವ ಕಂಠ ಆಗ ಮೂರಡಿ ದೂರಕ್ಕೂ ಮುಟ್ಟಲಿಲ್ಲ. ಆಕೆ ಕೈಯಲ್ಲಿದ್ದ, ಪ್ರಮಾಣವಚನ ಬರೆದ ರಟ್ಟನ್ನು ತಿರುಗಿಸಿದಳು, ಬಾಯಿಪಾಠವಿದ್ದ ಸಾಲನ್ನೂ ಅದರಲ್ಲಿ ನೋಡಿಕೊಂಡೇ ಓದಿದಳು. ಅವನು ಪದಕ್ಕೆ ಪದ ಹೇಳಿದ. ಆಕೆ ಅವನ ಮುಖ ನೋಡದೆ ತನ್ನ ಜಾಗಕ್ಕೆ ಹೋಗಿ ನಿಂತಳು.

ಆಮೇಲೆ ಅವನು ಹೇಳಿದ್ದೆಲ್ಲ ಸತ್ಯ. ಭಾವ ಯಾವ ಕುರ್ಚಿಯಲ್ಲಿ ಕೂತು ಸಹಿ ಹಾಕಿದರು, ಶಾಯಿ ಯಾವ ಬಣ್ಣ, ಸಹಿ ಹಾಕಿ ಏನೆಂದರು, ಎಲ್ಲ. ಎದುರು ವಕೀಲನಿಗೆ ಹಿಡಿಯಲು ಒಂದು ಎಳೆಯೂ ಸಿಗಲಿಲ್ಲ. ಕಟಕಟೆಯಲ್ಲಿ ಪ್ರಮಾಣಪ್ಪ ಹೇಳಿದ ಸುಳ್ಳು ಒಂದೇ ಒಂದು, ಅದು ಪ್ರಮಾಣ.

ಹೊರಗೆ ಬಂದ ಮೇಲೆ ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ಬಸ್ಸು ಕಾಯುವಾಗ ಅಕ್ಕ ಹೇಳಿದಳು. "ನಿನ್ನ ಬಾಯಲ್ಲಿ ಒಂದು ದಿನ ಆ ಹೆಸರು ಬರಲಿ ಅಂತ ಎಷ್ಟು ವರ್ಷ ಬೇಡ್ಕೊಂಡಿದ್ದೆ ಗೊತ್ತಾ? ಇವತ್ತು ಬಂತು. ಖುಷಿಯಾಗಬೇಕಿತ್ತು ಕಣೋ, ಆಗಲಿಲ್ಲ. ನನ್ನ ದೇವರನ್ನ ನಮ್ಮ ಕೇಸಿಗೆ ಸಾಕ್ಷಿ ಹಿಡಿದ ಹಾಗಾಯ್ತು."

ಅವನು ಅವಳ ಚೀಲವನ್ನು ತನ್ನ ಕೈಗೆ ತೆಗೆದುಕೊಂಡ. ನಂಬದವನಾಗಿ ತನ್ನ ಮಾತನ್ನು ಕೆಡಿಸಿಕೊಂಡೆ ಎಂದಷ್ಟೇ ಕೊರಗುತ್ತಿದ್ದ. ನಂಬಿದವಳ ಮನಸ್ಸಿಗೂ ಕಸ ಬಿತ್ತು ಎಂಬುದು ಆಗ ತಿಳಿಯಿತು.

ಎರಡು ತಿಂಗಳಿಗೆ ತೀರ್ಪು ಬಂತು. ಮನೆ ಅಕ್ಕನದೇ. ಟೈಪಿಸ್ಟ್ ತೀರ್ಪಿನ ಪ್ರತಿ ಹಿಡಿದು ಕ್ಯಾಂಟೀನಿಗೆ ಓಡಿಬಂದ. ಒಂದು ವಾಕ್ಯಕ್ಕೆ ಗೆರೆ ಎಳೆದುಕೊಂಡೇ ಬಂದಿದ್ದ. "ಸಾಕ್ಷಿಯು ದೈವಭೀರು ವ್ಯಕ್ತಿಯಾಗಿದ್ದು, ಅವರ ನುಡಿಯನ್ನು ಅವಿಶ್ವಾಸದಿಂದ ಕಾಣಲು ಕಾರಣಗಳಿಲ್ಲ." ಗಟ್ಟಿಯಾಗಿ ಓದಿ ಮೇಜು ಕುಟ್ಟಿದ. ಎಲ್ಲರೂ ನಕ್ಕರು. "ಇನ್ನು ಮೇಲೆ ಸಮಾರಂಭದಲ್ಲಿ ಪ್ರಾರ್ಥನೆ ನಿಂದೇ ಕಣಯ್ಯಾ" ಎಂದ ಯಜಮಾನ. ಪ್ರಮಾಣಪ್ಪನೂ ನಗಲು ನೋಡಿದ. ಮೂಲೆಯಲ್ಲಿ ಊಟದ ಡಬ್ಬಿ ತೆರೆದು ಕೂತಿದ್ದ ಅಟೆಂಡರ್ ಹೆಂಗಸೊಬ್ಬಳೇ ನಗಲಿಲ್ಲ. ಅವಳ ಹತ್ತಿರ ಹೋಗಿ, "ಅಕ್ಕನ ಮನೆ ಕಣಮ್ಮ, ಬೇರೆ ದಾರಿ ಇರಲಿಲ್ಲ" ಎಂದ.

"ನಾನೇನೂ ಅನ್ನಲಿಲ್ಲ ಅಣ್ಣ. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡ್ತಿದ್ದೆ." ಡಬ್ಬಿ ಮುಚ್ಚುತ್ತಾ, "ಆ ನರ್ಸಮ್ಮನೂ ಮಾಡ್ತಿದ್ದರೇನೋ" ಎಂದಳು.

ಚುಚ್ಚಲು ಆಡಿದ ಮಾತಲ್ಲ ಅದು, ಸಹಜವಾಗಿ ಬಂದದ್ದು. ಆದರೆ ಅಲ್ಲಿಂದ ಮುಂದೆ ಪ್ರಮಾಣಪ್ಪನಿಗೆ ಊಟ ಸೇರಲಿಲ್ಲ. ದೇವರಿಗೆ ಕೋರ್ಟಿನಲ್ಲಿ ಕೆಲಸವಿಲ್ಲ ಎಂಬ ಅವನ ಅಭಿಪ್ರಾಯ ಆಗಲೂ ಕದಲಲಿಲ್ಲ. ಅದಕ್ಕೆ ನಾಚಿಕೆಯೂ ಇರಲಿಲ್ಲ. ನಾಚಿಕೆ ಬೇರೆ ಕಡೆಯಿಂದ ಬಂತು. ತನ್ನ ಮನೆಯದಾದಾಗ ಎರಡನೆಯ ಬಗೆಯ ಪ್ರಮಾಣಕ್ಕೆ ತೆರಬೇಕಾದ ಬೆಲೆ ಎಷ್ಟು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನರ್ಸ್ ಕೇಳಿದಾಗಲೂ ಗೊತ್ತಿತ್ತು. ಹೇಳಿರಲಿಲ್ಲ.

ಶನಿವಾರ ಅರ್ಧ ದಿನ ರಜೆ ಹಾಕಿ ದೊಡ್ಡಾಸ್ಪತ್ರೆಗೆ ಹೋದ. ಔಷಧಿ ಕೊಡುವ ಕಿಟಕಿಯ ಪಕ್ಕದ ಓಣಿಯಲ್ಲಿ ನರ್ಸ್ ಸಿಕ್ಕಳು, ಕೈಯಲ್ಲಿ ತೊಳೆದ ಬಟ್ಟಲುಗಳ ತಟ್ಟೆ. ಅವನನ್ನು ಗುರುತು ಹಿಡಿದಳು. ನಿಂತಲ್ಲೇ ನಿಂತು, ತಡವರಿಸುತ್ತಾ ಎಲ್ಲವನ್ನೂ ಹೇಳಿದ. ಅಕ್ಕನ ಕೇಸು, ಕಂಬದ ಮರೆಯ ಮಾತು, ತಾನು ಮಾಡಿದ ಪ್ರಮಾಣ, ಯಾವುದನ್ನೂ ಬಿಡಲಿಲ್ಲ.

"ನಿಮ್ಮಕ್ಕನಿಗೆ ಮನೆ ಉಳೀತಲ್ಲ" ಎಂದಳು ನರ್ಸ್.

"ಉಳೀತಮ್ಮ."

"ಒಳ್ಳೇದಾಯ್ತು." ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ನನ್ನದೇನೂ ಹೋಗಲಿಲ್ಲ. ಹತ್ತು ನಿಮಿಷ ಅತ್ತೆ, ಮುಗೀತು. ಹೋದದ್ದು ಆ ಮನುಷ್ಯನದು. ಅವನ ಹೆಂಡತಿ ಈಗ ಇಲ್ಲೇ ನೆಲ ಒರೆಸ್ತಾಳೆ, ಎದುರಿಗೆ ಬಂದರೆ ನಾನೇ ಪಕ್ಕಕ್ಕೆ ಸರೀತೀನಿ. ನನ್ನ ಹತ್ತಿರ ಯಾಕೆ ಬಂದಿರಿ?"

"ಅವನ ಮನೆ ನನಗೆ ಗೊತ್ತಿಲ್ಲ" ಎಂದ ಪ್ರಮಾಣಪ್ಪ. ಅದು ನಿಜವಾಗಿತ್ತು. ಗೊತ್ತಿದ್ದಿದ್ದರೂ ಮೊದಲು ಇಲ್ಲಿಗೇ ಬರುತ್ತಿದ್ದ, ಏಕೆಂದರೆ ಇದು ಸುಲಭ. ಅದೂ ನಿಜವಾಗಿತ್ತು.

ನರ್ಸ್ ತಟ್ಟೆಯನ್ನು ಮತ್ತೆ ಎತ್ತಿಕೊಂಡಳು. "ನನ್ನ ಪಾಳಿ ಮುಗಿಯೋಕೆ ಇನ್ನೂ ಒಂದು ಗಂಟೆ ಇದೆ. ಕೂತಿರ್ತೀರಾ?"

ಕೂತ. ರೋಗಿಗಳ ಕಡೆಯವರು ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ಗಂಟೆಯಾದ ಮೇಲೆ ಆಕೆ ಬಟ್ಟೆ ಬದಲಾಯಿಸಿಕೊಂಡು ಹೊರಗೆ ಬಂದಾಗ, ಹೊರಟುಹೋಗಿರುತ್ತಾನೆ ಎಂದುಕೊಂಡಿದ್ದಳೋ ಏನೋ, ಒಮ್ಮೆ ನಿಂತಳು. "ಬನ್ನಿ. ಸೇತುವೆ ದಾಟಿದರೆ ಎರಡನೇ ಬೀದಿ."

ಅವಳು ಮುಂದೆ, ಅವನು ಎರಡು ಹೆಜ್ಜೆ ಹಿಂದೆ. ಸೇತುವೆಯ ಮೇಲೆ ಆಕೆ ತಿರುಗದೆಯೇ ಕೇಳಿದಳು:

"ಏನು ಹೇಳ್ತೀರಿ ಅವನಿಗೆ?"

"ಗೊತ್ತಿಲ್ಲಮ್ಮ."

"ಗೊತ್ತಿಲ್ಲದೇ ಹೋಗೋದೇ ಒಳ್ಳೇದು. ಎಲ್ಲ ಗೊತ್ತಿದ್ದು ಮಾತಾಡಿದ್ದು ಸಾಕು."

ಪ್ರಮಾಣಪ್ಪ ತಲೆಯಾಡಿಸಿದ. ಬೀದಿಯ ಕೊನೆಯ ಮನೆಯ ಮುಂದೆ, ಎಡಗೈಯಲ್ಲಿ ಕಷ್ಟಪಟ್ಟು ಕೊಡಕ್ಕೆ ನೀರು ಹಿಡಿಯುತ್ತಿದ್ದ ಒಬ್ಬನು ಇವರನ್ನು ಕಂಡು ನಲ್ಲಿ ನಿಲ್ಲಿಸಿದ. ನರ್ಸ್ ಪಕ್ಕಕ್ಕೆ ಸರಿದು ನಿಂತಳು. ಪ್ರಮಾಣಪ್ಪ ಮುಂದೆ ಹೋಗಿ, ಆ ಮನುಷ್ಯನ ಹೆಸರು ಹಿಡಿದು ಕರೆದ. ದನಿ ಬಹಳ ಸಣ್ಣಗಿತ್ತು.