ಗಾಜಿನ ಮೇಲಿನ ಕುಂಕುಮ

ದೇವನಹಳ್ಳಿಯ ಟ್ಯಾಕ್ಸಿ ಸ್ಟ್ಯಾಂಡಿನ ಎದುರಿಗೆ ಅಮ್ಮಯಮ್ಮನ ಟೀ ಅಂಗಡಿ. ಅದರ ಮೂಲೆಯಲ್ಲಿ ಆಳೆತ್ತರದ ಹಳೇ ವಿಡಿಯೋ ಗೇಮ್ ಪೆಟ್ಟಿಗೆ. ಪರದೆಯ ಮೇಲಿಂದ ಪುಟ್ಟ ಪುಟ್ಟ ವೈರಿ ವಿಮಾನಗಳು ಸಾಲಾಗಿ ತೇಲಿ ಇಳಿಯುತ್ತವೆ; ಕೆಳಗಿನಿಂದ ಗುಂಡು ಹೊಡೆದು ಉದುರಿಸಬೇಕು, ಅಷ್ಟೆ. ಏರ್‌ಪೋರ್ಟ್ ಬಂದ ಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು, ಅದರಲ್ಲಿ ನೂರೆಂಟು ಆಟ ಬಂದವು. ಆದರೂ ಬಾಡಿಗೆಗೆ ಕಾಯುವ ಡ್ರೈವರುಗಳು ಬಂದು ನಿಲ್ಲುವುದು ಈ ಪೆಟ್ಟಿಗೆಯ ಮುಂದೆಯೇ. ಅವರೆಲ್ಲರನ್ನೂ ಸೋಲಿಸುವವಳು ಅಮ್ಮಯಮ್ಮ.

ಒಂದು ಆಯುಧಪೂಜೆಗೆ ಆಕೆ ಪೆಟ್ಟಿಗೆಗೂ ಹೂ ಮುಡಿಸಿ, ಗಾಜಿನ ನಟ್ಟನಡುವೆ ದಪ್ಪನೆಯ ಕುಂಕುಮ ಇಟ್ಟಿದ್ದಳು. ಇಟ್ಟ ಕುಂಕುಮವನ್ನು ಕೈಯಾರೆ ಅಳಿಸುವುದುಂಟೇ? ಅದು ಅಲ್ಲೇ ಉಳಿಯಿತು. ವಿಮಾನಗಳು ಅದರ ಹಿಂದೆ ಮರೆಯಾಗಿ ಮತ್ತೆ ಹೊರಬರುತ್ತಿದ್ದವು. ಮಧ್ಯಾಹ್ನದ ಜೊಂಪಿನಲ್ಲಿ, ಹೊರಗೆ ನಿಜವಾದ ವಿಮಾನಗಳು ಮೋಡದೊಳಗೆ ಹೊಕ್ಕು ಇಳಿಯುವಾಗ, ಆಕೆ ಆ ಕೆಂಪನ್ನೇ ನೋಡುತ್ತ, ಕಾಣದ ವಿಮಾನಕ್ಕೆ ಸರಿಯಾಗಿ ಹೊಡೆಯುತ್ತಿದ್ದಳು. ಆಗ ಒಲೆಯ ಮೇಲಿನ ಹಾಲು ಉಕ್ಕಿದರೂ ಆಕೆಗೆ ತಿಳಿಯುತ್ತಿರಲಿಲ್ಲ.

ಮೊನ್ನೆ ಹೊಸ ಡ್ರೈವರ್ ಕಾಂತರಾಜು ಕಾರು ಒರೆಸುವ ಬಟ್ಟೆಯಿಂದ ಆ ಗಾಜನ್ನು ತಿಕ್ಕಿ ಥಳಥಳ ಮಾಡಿಟ್ಟ.

"ಬಾರಮ್ಮ, ಈಗ ಎಲ್ಲಾ ಚೆನ್ನಾಗಿ ಕಾಣ್ಸುತ್ತೆ" ಅಂದ.

ಅಮ್ಮಯಮ್ಮ ಆಡಿದಳು. ಎಲ್ಲವೂ ಕಾಣಿಸಿತು. ಅರೆಗಳಿಗೆಯಲ್ಲಿ ಸೋತಳು.

"ಯಾರ್ಲಾ ನಿಂಗೆ ಒರ್ಸು ಅಂದಿದ್ದು?" ಎಂದು ಸಿಡುಕಿದವಳು, ತನ್ನ ಹಣೆಯ ಕುಂಕುಮಕ್ಕೆ ಬೆರಳೊತ್ತಿ ಗಾಜಿಗೆ ಇಟ್ಟಳು.

"ಈಗ ಬಾ, ಆಡಾಣ."