ಎದುರಿನಿಂದ ಬರುತ್ತಿದ್ದ ಮೇಷ್ಟ್ರು

ಮೊನ್ನೆ ನೋಯ್ಡಾದ ಮೆಟ್ರೋದಲ್ಲಿ ನನ್ನ ಪಕ್ಕ ನಿಂತಿದ್ದವರ ಸ್ವೆಟರಿನಿಂದ ನುಸಿಗುಳಿಗೆಯ ವಾಸನೆ ಬಂತು. ದೀಪಾವಳಿ ಕಳೆದ ಮೇಲೆ ದೆಹಲಿಯ ಕಡೆ ಇದೇನೂ ಹೊಸದಲ್ಲ. ವರ್ಷವಿಡೀ ಮಂಚದಡಿಯ ಪೆಟ್ಟಿಗೆಯಲ್ಲಿ ಮಲಗಿದ್ದ ಉಣ್ಣೆಬಟ್ಟೆಗಳೆಲ್ಲ ಒಂದೇ ವಾರದಲ್ಲಿ ಎದ್ದು ಆಫೀಸಿಗೆ ಹೊರಟುಬಿಡುತ್ತವೆ. ಆದರೆ ಈ ವಾಸನೆ ತೀರಾ ಗಾಢವಾಗಿತ್ತು. ಥಟ್ಟನೆ ತಿರುಗಿ ನೋಡಿದೆ. ಯಾರೋ ಕಾಲೇಜು ವಿದ್ಯಾರ್ಥಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಂತಲ್ಲೇ ತೂಕಡಿಸುತ್ತಿದ್ದ. ನಾನು ಯಾರನ್ನು ನೆನೆದು ತಿರುಗಿದೆನೋ ಅವರು ಅಲ್ಲಿರುವುದು ಸಾಧ್ಯವೇ ಇರಲಿಲ್ಲ...

ಮೇಷ್ಟ್ರನ್ನು ನಾನು ಮೊದಲು ಕಂಡದ್ದು ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಲಿಫ್ಟಿನಲ್ಲಿ. ಕಂಡದ್ದು ಎಂದರೆ ಪೂರ್ತಿ ನಿಜವಲ್ಲ. ಮಂಕಿ ಕ್ಯಾಪಿಗೂ ಮಫ್ಲರಿಗೂ ನಡುವೆ ಒಂದು ಕನ್ನಡಕ ಮಾತ್ರ ಕಾಣುತ್ತಿತ್ತು. ನಾನು ದಾವಣಗೆರೆಯಲ್ಲಿದ್ದ ಅಮ್ಮನ ಜೊತೆ ಫೋನಿನಲ್ಲಿದ್ದೆ. ಇಲ್ಲಿ ಯಾರಿಗೆ ಕನ್ನಡ ಬರುತ್ತದೆ ಎಂಬ ಧೈರ್ಯದಲ್ಲಿ, "ಲಿಫ್ಟಲ್ಲಿ ಯಾರೋ ನುಸಿಗುಳಿಗೆ ತಿಂದ್ಕೊಂಡು ಬಂದಂಗಿದೆ ಅಮ್ಮ" ಎಂದುಬಿಟ್ಟೆ.

"ತಿಂದಿಲ್ಲಮ್ಮ, ಜೇಬಲ್ಲಿದೆ" ಎಂದಿತು ಮಂಕಿ ಕ್ಯಾಪು.

ಹೀಗೆ ಶುರುವಾಯಿತು ನಮ್ಮ ಪರಿಚಯ. ಅವರು ತುಮಕೂರಿನ ಕಡೆಯವರು. ದೆಹಲಿಯ ಒಂದು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿ, ನಿವೃತ್ತರಾಗಿ, ನೋಯ್ಡಾದಲ್ಲಿ ಫ್ಲ್ಯಾಟು ಮಾಡಿಕೊಂಡಿದ್ದರು. ನನ್ನ ಮನೆಯ ಕೆಳಗಿನ ಮಹಡಿಯೇ ಅವರದು. ಮಕ್ಕಳಿರಲಿಲ್ಲ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹಾಲಿನಲ್ಲಿ ಕಿಟಕಿಯ ಬಳಿ ಎದುರುಬದುರಾಗಿ ಎರಡು ಕುರ್ಚಿಗಳಿದ್ದವು. ಭಾನುವಾರ ಬೆಳಿಗ್ಗೆ ನಾನು ಹೋದರೆ ಮೇಷ್ಟ್ರು ಅವಲಕ್ಕಿ ಮಾಡುತ್ತಿದ್ದರು. ಅದನ್ನು ನೆನೆಸಬೇಕೆಂಬುದು ಅವರಿಗೆ ಪ್ರತಿ ಸಲವೂ ಒಗ್ಗರಣೆ ಹಾಕಿದ ಮೇಲೆ ನೆನಪಾಗುತ್ತಿತ್ತು.

ಜೀವಮಾನವಿಡೀ ಅವರು ಕಲಿಸಿದ್ದು ಒಂದೇ ಪ್ರಶ್ನೆಯನ್ನಂತೆ. ಮನುಷ್ಯರು ಮಾಡುವುದನ್ನು ವಿವರಿಸಬೇಕೋ, ಅರ್ಥ ಮಾಡಿಕೊಳ್ಳಬೇಕೋ?

"ಎರಡೂ ಒಂದೇ ಅಲ್ವಾ ಸರ್?" ಎಂದು ಕೇಳಿದ್ದೆ.

ಮೇಷ್ಟ್ರು ತಟ್ಟೆ ಕೆಳಗಿಟ್ಟರು. "ನನ್ನ ಇಡೀ ಸರ್ವೀಸನ್ನ ಒಂದೇ ಮಾತಲ್ಲಿ ಮುಗಿಸಿಬಿಟ್ಟೆಯಲ್ಲಮ್ಮ! ನೋಡು, ಮೇಲಿಂದ ಒಂದು ಕಲ್ಲು ಬಿತ್ತು. ಯಾಕೆ ಬಿತ್ತು ಅಂತ ತಿಳ್ಕೊಳ್ಳೋಕೆ ಕಲ್ಲನ್ನ ಕೇಳಬೇಕಾಗಿಲ್ಲ. ಅದೇ ಒಬ್ಬ ಕಲ್ಲು ಎಸೆದ. ಕೈಯ ಬಲ ಎಷ್ಟು, ಕಲ್ಲಿನ ತೂಕ ಎಷ್ಟು, ಎಲ್ಲಾ ಲೆಕ್ಕ ಹಾಕು. ಮಾವಿನಕಾಯಿಗೆ ಎಸೆದನೋ, ನಿನಗೇ ಎಸೆದನೋ ಅನ್ನೋದು ಆ ಲೆಕ್ಕದಲ್ಲಿ ಸಿಗಲ್ಲ. ಅವನನ್ನೇ ಕೇಳಬೇಕು."

"ಕೇಳಿದ್ರೆ ಹೇಳ್ತಾನಾ?"

"ಸುಳ್ಳು ಹೇಳ್ತಾನೆ. ಅದಕ್ಕೇ ನಮ್ಮ ಡಿಪಾರ್ಟ್‌ಮೆಂಟ್ ಇನ್ನೂ ಮುಚ್ಚಿಲ್ಲ."

ನನ್ನ ಕೆಲಸ ಅವರಿಗೆ ದೊಡ್ಡ ತಮಾಷೆಯ ವಸ್ತು. ಗಿರಾಕಿಗಳು ಒಂದು ಸಾಮಾನನ್ನು ಯಾಕೆ ಕೊಳ್ಳುತ್ತಾರೆ, ಯಾಕೆ ಬಿಡುತ್ತಾರೆ ಎಂದು ಕಂಪ್ಯೂಟರಿನ ಅಂಕಿಅಂಶ ನೋಡಿ ಹೇಳುವುದು ನನ್ನ ನೌಕರಿ. ಒಬ್ಬ ಗಿರಾಕಿಯನ್ನೂ ನಾನು ಕಣ್ಣಾರೆ ಕಂಡವಳಲ್ಲ. "ಮದುವೆ ಊಟ ಹೇಗಿತ್ತು ಅಂತ ಎಂಜಲೆಲೆ ಎಣಿಸಿ ಹೇಳಿದ ಹಾಗೆ" ಎಂದು ಮೇಷ್ಟ್ರು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಅವರ ಪಾಠದಿಂದ ಯಾರಿಗೂ ಸಂಬಳ ಹೆಚ್ಚಿದ್ದು ನಾನು ಕೇಳಿರಲಿಲ್ಲ.

ಇಂಥ ಮೇಷ್ಟ್ರಿಂದಾಗಿ ನಮ್ಮ ಸೊಸೈಟಿಯಲ್ಲಿ ಒಂದು ದೊಡ್ಡ ಗಲಾಟೆಯಾಯಿತು.

ನಮ್ಮ ಟವರುಗಳ ನಡುವೆ ಒಂದು ಪಾರ್ಕು, ಅದರ ಸುತ್ತ ನಡೆಯಲು ಒಂದು ದಾರಿ ಇದೆ. ಬೆಳಿಗ್ಗೆ ಅಲ್ಲಿ ಜನಜಾತ್ರೆ. ಎಲ್ಲರೂ ಪಾರ್ಕನ್ನು ಎಡಕ್ಕಿಟ್ಟುಕೊಂಡು ಸುತ್ತುತ್ತಾರೆ. ಯಾರು ಯಾವಾಗ ಹಾಗೆ ಶುರು ಮಾಡಿದರೋ ಗೊತ್ತಿಲ್ಲ. ಮೇಷ್ಟ್ರೊಬ್ಬರು ಮಾತ್ರ ಉಲ್ಟಾ. ದೇವಸ್ಥಾನದ ಲೆಕ್ಕದಲ್ಲಿ ನೋಡಿದರೆ ಅವರದೇ ಪ್ರದಕ್ಷಿಣೆ, ಮಿಕ್ಕ ಭಕ್ತರೆಲ್ಲರದೂ ಅಪ್ರದಕ್ಷಿಣೆ. ಆದರೆ ಬಹುಮತದ ಎದುರು ಶಾಸ್ತ್ರ ಯಾರಿಗೆ ಬೇಕು?

ಒಂದು ಬೆಳಿಗ್ಗೆ ಸೊಸೈಟಿಯ ಸೆಕ್ರೆಟರಿ ಫೋನು ನೋಡುತ್ತಾ ನಡೆಯುತ್ತಿದ್ದರು. ಕೇಂದ್ರ ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾಗಿದ್ದು ನಿವೃತ್ತರಾದವರು. ತಮ್ಮ ದಾರಿಗೆ ಯಾರಾದರೂ ಅಡ್ಡ ಬರಬಹುದೆಂಬ ಕಲ್ಪನೆಯೇ ಅವರಿಗಿರಲಿಲ್ಲ. ಪಂಪ್‌ಹೌಸಿನ ಹಿಂದಿನ ತಿರುವಿನಲ್ಲಿ ಎದುರಿನಿಂದ ಬಂದ ಮೇಷ್ಟ್ರಿಗೆ ಡಿಕ್ಕಿ ಹೊಡೆದು, ಪಕ್ಕದ ಗಿಡದ ಬೇಲಿಯಲ್ಲಿ ಕೂತುಬಿಟ್ಟರು. ಪೆಟ್ಟೇನೂ ಆಗಲಿಲ್ಲ. ಆದರೆ ಅವರನ್ನು ಬೇಲಿಯಿಂದ ಬಿಡಿಸಲು ಇಬ್ಬರು ಬೇಕಾದರು, ಅದನ್ನು ಪಾರ್ಕಿನಲ್ಲಿ ಯೋಗಾಸನ ಮಾಡುತ್ತಿದ್ದ ಹೆಂಗಸರು ಓಡಿಬಂದು ಪೂರ್ತಿ ನೋಡಿದರು.

ಮರುದಿನವೇ ದಾರಿಯುದ್ದಕ್ಕೂ ಹಳದಿ ಬಾಣದ ಗುರುತುಗಳು ಬಿದ್ದವು. ವಾಟ್ಸಾಪ್ ಗುಂಪಿನಲ್ಲಿ ಆದೇಶ ಬಂತು. ಮೇಷ್ಟ್ರು ಬಾಣದ ಗುರುತುಗಳನ್ನು ಆಸಕ್ತಿಯಿಂದ ನೋಡಿ, ಅವುಗಳ ಮೇಲೆಯೇ ಎದುರು ದಿಕ್ಕಿನಲ್ಲಿ ನಡೆದರು. ಅವರನ್ನು ತಡೆಯಲು ಗಾರ್ಡಿಗೆ ಸೀಟಿ ಊದಲು ಹೇಳಲಾಯಿತು. ಪಾಪ, ಆತ ಸೀಟಿ ಊದಿ, ಕೂಡಲೇ "ನಮಸ್ತೇ ಸರ್" ಎನ್ನುತ್ತಿದ್ದ. ಮೇಷ್ಟ್ರು ಆಶೀರ್ವಾದ ಮಾಡಿ ಮುಂದೆ ಹೋಗುತ್ತಿದ್ದರು.

ಕೊನೆಗೆ ಸೆಕ್ರೆಟರಿ ಸಭೆ ಕರೆದರು. ಅದಕ್ಕೆ ಮೊದಲು ನನ್ನನ್ನು ಗೇಟಿನ ಹತ್ತಿರ ಹಿಡಿದು ನಿಲ್ಲಿಸಿ ಹಿಂದಿಯಲ್ಲಿ ಹೇಳಿದರು: "ಬೇಟಾ, ನೀನು ಅವರ ಭಾಷೆಯವಳು. ಮೇಲಾಗಿ ಡಾಟಾದವಳು. ಅವರು ಹಾಗೆ ಯಾಕೆ ನಡೀತಾರೆ ಅಂತ ಪತ್ತೆ ಮಾಡಿ ಸಭೆಯಲ್ಲಿ ಹೇಳು. ಕಾರಣ ಇದ್ರೆ ನೋಡೋಣ. ಇಲ್ಲ ಅಂದ್ರೆ ಇನ್ಮೇಲೆ ಪಾರ್ಕಿಗೆ ಕಾಲಿಡಬಾರದು ಅಂತ ನಿರ್ಣಯ ಮಾಡ್ತೀವಿ."

ನನಗೆ ಹುಮ್ಮಸ್ಸು ಬಂತು. ಬಾಲ್ಕನಿಯಲ್ಲಿ ಚಹಾ ಹಿಡಿದು ಕೂತು ಮೇಷ್ಟ್ರನ್ನು ಗಮನಿಸಿದೆ. ಮೊದಲು, ಮಂಡಿನೋವು ಇರಬೇಕು, ತಿರುವಿನಲ್ಲಿ ಭಾರ ಒಂದೇ ಕಾಲಿಗೆ ಬೀಳುತ್ತದೆ ಎಂದುಕೊಂಡೆ. ಆದರೆ ಮೇಷ್ಟ್ರು ಲಿಫ್ಟು ಕೆಟ್ಟ ದಿನ ಮೆಟ್ಟಿಲುಗಳನ್ನು ನನಗಿಂತ ಬೇಗ ಹತ್ತಿದರು. ಆಮೇಲೆ ಬೀದಿನಾಯಿಯ ಭಯವೇನೋ ಎನ್ನಿಸಿತು. ಆ ನಾಯಿ ಅವರನ್ನು ಕಂಡರೆ ಓಡಿಬಂದು ಕಾಲ ಬಳಿ ಮಲಗುತ್ತಿತ್ತು. ಕೊನೆಗೆ ಸೋತು ಅವರನ್ನೇ ಕೇಳಿದೆ.

"ಬಾಲ್ಕನಿಯಿಂದ ಏನು ಕಾಣುತ್ತಮ್ಮ? ನಾಳೆ ಶೂ ಹಾಕ್ಕೊಂಡು ಕೆಳಗೆ ಬಾ" ಎಂದರು.

ಹೋದೆ. ಅವರ ಪಕ್ಕ, ಬಾಣಗಳ ಎದುರು ನಡೆಯತೊಡಗಿದೆ. ಮೊದಲ ಸುತ್ತಿನಲ್ಲಿ ನನಗೆ ಬರೀ ನಾಚಿಕೆ. ಎರಡನೆಯದರಲ್ಲಿ ಒಂದು ವಿಷಯ ಹೊಳೆಯಿತು. ಇಷ್ಟು ದಿನ ಈ ದಾರಿಯಲ್ಲಿ ನಾನು ನೋಡಿದ್ದು ಬೆನ್ನುಗಳನ್ನು. ಬೂದು ಶಾಲಿನ ಬೆನ್ನು, ನೀಲಿ ಜಾಕೆಟ್ಟಿನ ಬೆನ್ನು. ಈಗ ಎಲ್ಲವಕ್ಕೂ ಮುಖಗಳಿದ್ದವು. ನೀಲಿ ಜಾಕೆಟ್ಟು ಒಬ್ಬರೇ ಹಾಡಿಕೊಳ್ಳುತ್ತಾ ಬಂದು, ನಮ್ಮನ್ನು ಕಂಡೊಡನೆ ಹಾಡನ್ನು ಕೆಮ್ಮಾಗಿಸಿ, "ನಮಸ್ತೇ ಪ್ರೊಫೆಸರ್ ಸಾಬ್" ಎಂದರು. ಜಗಳವಾಡುತ್ತಾ ಬಂದ ಗಂಡಹೆಂಡತಿ ನಮ್ಮ ಹತ್ತಿರ ಬಂದಾಗ ನಕ್ಕರು. ದಾಟಿದ ಮೇಲೆ ಮತ್ತೆ ಶುರು ಮಾಡಿದರು. "ಇವರ ಜಗಳ ನಿನ್ನೆಯದೇ ಮುಂದುವರಿದಿದೆ. ಟೊಮ್ಯಾಟೋದ್ದು" ಎಂದರು ಮೇಷ್ಟ್ರು. ಪ್ರತಿ ಸುತ್ತಿಗೂ ಪ್ರತಿಯೊಬ್ಬರೂ ಮತ್ತೆ ಎದುರಾಗುತ್ತಿದ್ದರು, ಪ್ರತಿಯೊಬ್ಬರೂ ಮೇಷ್ಟ್ರ ಮುಖ ನೋಡುತ್ತಿದ್ದರು.

ಪಂಪ್‌ಹೌಸಿನ ತಿರುವು ಬಂದಾಗ ಮೇಷ್ಟ್ರು ಫಕ್ಕನೆ ಬಗ್ಗಿ ಶೂ ಲೇಸು ಕಟ್ಟತೊಡಗಿದರು. ನಾನೂ ನಿಂತೆ. ಬೂದು ಶಾಲಿನ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಮ್ಮನ್ನು ದಾಟಿ ಹೋದರು. ಅವರ ಮನೆಯಲ್ಲಿ ಅಳಲು ಜಾಗ ಇಲ್ಲವೆಂದು ಕಾಣುತ್ತದೆ. ಈ ತಿರುವಿನಲ್ಲಿ ಯಾವ ಬಾಲ್ಕನಿಯ ಕಣ್ಣೂ ಬೀಳುವುದಿಲ್ಲ. ಅವರು ದೂರ ಹೋದ ಮೇಲೆ ಮೇಷ್ಟ್ರು ಎದ್ದರು. ನಾನು ಅವರ ಕಾಲು ನೋಡಿದೆ. ಆ ಶೂಗಳಿಗೆ ಲೇಸೇ ಇರಲಿಲ್ಲ.

"ಇದನ್ನ ನಿನ್ನ ಕಂಪ್ಯೂಟರಿಗೆ ಹೇಗೆ ಹಾಕ್ತೀಯ?" ಎಂದು ಕೇಳಿ ಮುಂದೆ ನಡೆದರು.

ನನಗೆ ತಿಳಿಯಿತು ಎನ್ನಿಸಿತು. ಮನೆಯಲ್ಲಿ ಅವರ ಎದುರಿನ ಕುರ್ಚಿ ಖಾಲಿಯಾದ ಮೇಲೆ ಇಡೀ ದಿನದಲ್ಲಿ ಯಾರೂ ಅವರ ಮುಖ ನೋಡುತ್ತಿರಲಿಲ್ಲ. ಅದಕ್ಕೇ ಈ ಉಲ್ಟಾ ನಡಿಗೆ. ಹಾಗೆಂದು ಹೇಳಿದೆ. ಮೇಷ್ಟ್ರು ಮಂಕಿ ಕ್ಯಾಪು ಸರಿಮಾಡಿಕೊಂಡರು.

"ಚೆನ್ನಾಗಿದೆ. ಆದ್ರೆ ನಿನಗೆ ಚೆನ್ನಾಗಿ ಅನ್ನಿಸಿದ ಮಾತ್ರಕ್ಕೆ ಅದು ಸರಿ ಅಂತ ಏನು ಗ್ಯಾರಂಟಿ? ಅರ್ಥ ಮಾಡ್ಕೊಂಡೆ ಅಂತ ಹೊರಟವರೇ ಜಾಸ್ತಿ ಎಡವೋದು. ಲೆಕ್ಕ ತಪ್ಪಿದ್ರೆ ತಿದ್ದಬಹುದು. ಕಣ್ಣಲ್ಲಿ ನೀರು ತಂದ್ಕೊಂಡು ತಪ್ಪಿದವರನ್ನ ತಿದ್ದೋದು ಕಷ್ಟ."

"ಹಾಗಾದ್ರೆ ಸರಿಯಾದ ಉತ್ತರ ನೀವೇ ಹೇಳಿ ಸರ್."

"ನನ್ನನ್ನ ಕೇಳಿದ್ರೆ? ನಾನೂ ಮನುಷ್ಯನೇ. ಸುಳ್ಳು ಹೇಳ್ತೀನಿ."

ಸಭೆಯ ದಿನ, ಚಳಿ ಶುರುವಾದೊಡನೆ ದೆಹಲಿಯ ಸುತ್ತ ಕವಿಯುವ ಹೊಗೆ ಜೋರಾಗಿತ್ತು. ಸೊಸೈಟಿಯ ಹಾಲಿನೊಳಗೂ ಕಣ್ಣು ಉರಿಯುತ್ತಿತ್ತು, ಎಲ್ಲರೂ ಕೆಮ್ಮುತ್ತಿದ್ದರು. ಸೆಕ್ರೆಟರಿ ಶಿಸ್ತಿನ ಬಗ್ಗೆ ಮಾತಾಡಿದರು. ದಕ್ಷಿಣದವರಿಗೆ ಎಲ್ಲದರಲ್ಲೂ ತಮ್ಮದೇ ದಾರಿ ಎಂದು ಒಬ್ಬರು ಸಿದ್ಧಾಂತ ಮಂಡಿಸಿದರು. ಓದಿದವರ ಸೊಕ್ಕು ಎಂದು ಇನ್ನೊಬ್ಬರು. ಪೂಜೆ ಮಾಡುವ ಆಂಟಿಯೊಬ್ಬರು, ಪ್ರದಕ್ಷಿಣೆ ಹಾಕುವವರು ಅವರೊಬ್ಬರೇ ಎಂದು ಜ್ಞಾಪಿಸಲು ನೋಡಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಷ್ಟ್ರು ಹಿಂದಿನ ಸಾಲಿನಲ್ಲಿ ಕೂತು ಎಲ್ಲವನ್ನೂ ಸಂತೋಷದಿಂದ ಕೇಳಿಸಿಕೊಳ್ಳುತ್ತಿದ್ದರು.

ನನ್ನ ಸರದಿ ಬಂತು. ಎದ್ದು ನಿಂತೆ. "ಪ್ರೊಫೆಸರ್ ಸಾಬ್ ಅವರ ಪತ್ನಿ ತೀರಿಕೊಂಡ ಮೇಲೆ..." ಎಂದು ಹಿಂದಿಯಲ್ಲಿ ಶುರು ಮಾಡಿದೆ.

ಮೇಷ್ಟ್ರು ಕೆಮ್ಮಿದರು.

ಹಾಲಿನ ತುಂಬ ಕೆಮ್ಮು ಇತ್ತು, ನಿಜ. ಆದರೆ ಈ ಕೆಮ್ಮು ಬೇರೆ ಎನ್ನಿಸಿತು. ತಿರುಗಿ ನೋಡಿದೆ. ಅವರು ತಲೆ ತಗ್ಗಿಸಿ ತಮ್ಮ ಶೂ ನೋಡಿಕೊಳ್ಳುತ್ತಿದ್ದರು. ಅಷ್ಟೂ ಜನ ಕುತೂಹಲದಿಂದ ಅವರ ಕಡೆ ಕತ್ತು ತಿರುಗಿಸಿದ್ದರು.

"...ಅವರ ಕಿವಿಗೆ ಸ್ವಲ್ಪ ತೊಂದರೆಯಾಗಿದೆ" ಎಂದೆ. "ಎಡಗಿವಿ. ಎಡಕ್ಕೆ ಸುತ್ತಿದರೆ ತಲೆ ತಿರುಗುತ್ತದೆ. ಡಾಕ್ಟರು ಬಲಕ್ಕೇ ಸುತ್ತಲು ಹೇಳಿದ್ದಾರೆ."

ಸಭೆಯಲ್ಲಿ ದೊಡ್ಡ ನಿಟ್ಟುಸಿರು ಎದ್ದಿತು. "ಅಚ್ಛಾ! ಮೆಡಿಕಲ್ ಹೈ!" ಎಂದರು ಸೆಕ್ರೆಟರಿ. ಅವರ ಮುಖದಲ್ಲಿ ಎಂಥ ನೆಮ್ಮದಿ! ಮೆಡಿಕಲ್ ಎಂದ ಮೇಲೆ ಸೊಕ್ಕೂ ಇಲ್ಲ, ದಕ್ಷಿಣವೂ ಇಲ್ಲ. ಒಬ್ಬರು ತಮ್ಮ ಭಾವನಿಗೂ ಹಾಗೇ ಆಗಿತ್ತು ಎಂದರು. ಇನ್ನೊಬ್ಬರು ಲವಂಗದ ಎಣ್ಣೆ ಸೂಚಿಸಿದರು. ನಿರ್ಣಯ ಕೈಬಿಟ್ಟು ಎಲ್ಲರೂ ಸಮೋಸ ತಿಂದರು.

ಲಿಫ್ಟಿನಲ್ಲಿ ಮೇಷ್ಟ್ರು ನಗು ತಡೆಯಲಾರದೆ ಗೋಡೆಗೆ ಒರಗಿದರು. "ಅರ್ಥ ಹೇಳಿದ್ದಿದ್ರೆ ಸಂಜೆತನಕ ಚರ್ಚೆ ಮಾಡ್ತಿದ್ರು. ಕಾರಣ ಹೇಳಿದೆ, ಬಾಯಿ ಮುಚ್ಚಿದ್ರು. ಈ ಪಾಠ ಕ್ಲಾಸಲ್ಲಿ ನನಗೇ ಹೊಳೆದಿರಲಿಲ್ಲ ಕಣಮ್ಮ."

"ನೀವು ಕೆಮ್ಮಿದ್ರಲ್ಲ ಸರ್, ಅದಕ್ಕೇ ಮಾತು ಬದಲಾಯಿಸಿದೆ."

"ಯಾರು, ನಾನಾ?" ಮೇಷ್ಟ್ರು ಕನ್ನಡಕ ತೆಗೆದು ಮಫ್ಲರಿನಲ್ಲಿ ಒರೆಸಿಕೊಂಡರು. "ಅದು ಹೊಗೆ ಕಣಮ್ಮ, ಹೊಗೆ."

ಆಮೇಲೆ ಎಷ್ಟು ಸಲ ಕೇಳಿದರೂ ಅದೇ ಉತ್ತರ. ಆ ಚಳಿಗಾಲ, ಮುಂದಿನ ಬೇಸಗೆ, ಅವರು ಬಾಣಗಳ ಎದುರು ನಡೆಯುತ್ತಲೇ ಇದ್ದರು. ಸೆಕ್ರೆಟರಿ ಪ್ರತಿ ಸುತ್ತಿಗೂ ಅವರನ್ನು ನಿಲ್ಲಿಸಿ ಗಟ್ಟಿಯಾಗಿ, "ಕಾನ್ ಕೈಸಾ ಹೈ?" ಎಂದು ಕಿವಿಯ ಯೋಗಕ್ಷೇಮ ವಿಚಾರಿಸುತ್ತಿದ್ದರು. ಮೇಷ್ಟ್ರು ಎಡಗಿವಿ ಮುಟ್ಟಿಕೊಂಡು, ಪರವಾಗಿಲ್ಲ ಎನ್ನುತ್ತಿದ್ದರು. ಒಮ್ಮೊಮ್ಮೆ ಮರೆತು ಬಲಗಿವಿ ಮುಟ್ಟಿಕೊಳ್ಳುತ್ತಿದ್ದರು. ಇಬ್ಬರೂ ನಿಂತು ಮಾತಾಡುವುದು ಹೆಚ್ಚುತ್ತಾ ಹೋಗಿ, ನಡಿಗೆಯೇ ಕಡಿಮೆಯಾಯಿತು.

ಮಳೆ ಮುಗಿಯುವ ಹೊತ್ತಿಗೆ ಮೇಷ್ಟ್ರು ಜ್ವರವೆಂದು ಆಸ್ಪತ್ರೆ ಸೇರಿದರು. ನ್ಯುಮೋನಿಯಾ ಎಂದರು. ನೋಡಲು ಹೋದಾಗ ಮಂಕಿ ಕ್ಯಾಪಿಲ್ಲದ ಅವರ ತಲೆ ಬಹಳ ಸಣ್ಣದಾಗಿ ಕಂಡಿತು. "ಯಾಕೆ ಬಂತು ಅಂತ ಡಾಕ್ಟರು ಚೆನ್ನಾಗಿ ವಿವರಿಸಿದ್ರು. ಪೂರ್ತಿ ಒಪ್ಪಿಗೆಯಾಯ್ತು" ಎಂದರು. ನಾನು ನಕ್ಕೆ. ಅವರು ಮನೆಗೆ ಮರಳಲಿಲ್ಲ... ಬೆಂಗಳೂರಿನಿಂದ ತಮ್ಮನ ಮಗ ಬಂದು ಎಲ್ಲ ಮುಗಿಸಿ, ಫ್ಲ್ಯಾಟು ಮಾರಿ ಹೋದರು. ಸಾವಿನ ಸುದ್ದಿ ಬಂದ ದಿನ ಬೂದು ಶಾಲಿನ ಹೆಂಗಸು ಎಲ್ಲರೆದುರೇ ಅತ್ತಿದ್ದರು.

ಈ ವರ್ಷವೂ ಹೊಗೆ ಕವಿದಿದೆ. ವಾರದಿಂದ ಸೂರ್ಯನ ಮುಖ ಕಂಡಿಲ್ಲ. ಎದುರಿನ ಟವರೇ ಕಾಣುವುದಿಲ್ಲ. ನಿನ್ನೆ ಬೆಳಿಗ್ಗೆ ನಾನು ಬಾಣದ ದಿಕ್ಕಿನಲ್ಲೇ ನಡೆಯುತ್ತಿದ್ದೆ. ಮಬ್ಬಿನೊಳಗಿಂದ ಯಾರೋ ಎದುರಾಗಿ ಬಂದರು. ಹತ್ತಿರವಾದ ಮೇಲೆ ನೋಡಿದರೆ ಸೆಕ್ರೆಟರಿ.

ಅವರು ತಬ್ಬಿಬ್ಬಾದರು. ನಾನು ಏನೂ ಕೇಳಿರಲಿಲ್ಲ. "ಆ ಕಡೆಯಿಂದ ಹೋದ್ರೆ ಬಿಸಿಲು ಕಣ್ಣಿಗೆ ಹೊಡೆಯುತ್ತೆ ಬೇಟಾ" ಎಂದರು.

"ಹೌದು ಅಂಕಲ್, ಬಿಸಿಲು ಬಹಳ" ಎಂದೆ.

ಅವರು ನಮಸ್ತೇ ಹೇಳಿ ಮುಂದೆ ಹೋದರು. ಆ ಸುತ್ತು ಮುಗಿಸಿ, ಲಿಫ್ಟು ಹತ್ತಿ, ಅಭ್ಯಾಸಬಲದಿಂದ ಮೇಷ್ಟ್ರಿದ್ದ ಕೆಳಗಿನ ಮಹಡಿಯಲ್ಲೇ ಇಳಿದೆ. ಈ ಬಿಸಿಲಿನ ಮಾತು ಕೇಳಿದ್ದರೆ ಮೇಷ್ಟ್ರು ತಟ್ಟೆ ಕೆಳಗಿಟ್ಟು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಬಾಗಿಲಲ್ಲಿ ಯಾರದೋ ಮಗುವಿನ ಸೈಕಲ್ಲಿತ್ತು. ಒಳಗಿನಿಂದ ಕುಕ್ಕರ್ ಕೂಗಿತು. ಒಂದು ಕ್ಷಣ ಅಲ್ಲೇ ನಿಂತಿದ್ದು, ಮೆಟ್ಟಿಲು ಹತ್ತಿ ಮನೆಗೆ ಹೋದೆ.